ದೀಪದ ಕೆಳಗಿನ ಬೇಸಾಯ ಸಾವಯವವಾಗಬಲ್ಲುದೇ?

2023ರ ಜೂನ್ ತಿಂಗಳಿನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರೊಳಗೆ ಗಾಂಜಾ ಗಿಡಗಳನ್ನು ಬೆಳೆಸುತ್ತಿದ್ದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳನ್ನು ಪೊಲೀಸರು ಬಂಧಿಸಿದರು. ಮಲೆನಾಡಿಗೆ ಗಾಂಜಾ ಹೊಸ ಸಂಗತಿಯೇನಲ್ಲ. ಶುಂಠಿಯ ಪಟ್ಟೆಗಳ ನಡುವೆ, ಮೆಕ್ಕೆಜೋಳದ ಸಾಲಿನ ಮರೆಯಲ್ಲಿ ನಾಲ್ಕು ಗಿಡ ನೆಟ್ಟು ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆದರೆ ಊರ ನಡುವಿನ ಮನೆಯ ಕೋಣೆಯಲ್ಲಿ, ಬಿಸಿಲಿನ ಸೋಂಕೇ ಇಲ್ಲದೆ, ವಿದ್ಯುದ್ದೀಪದ ಬೆಳಕಿನಲ್ಲಿ ಗಿಡ ಬೆಳೆಸುವುದು ಈ ನೆಲದ ಪದ್ಧತಿಯಲ್ಲ. ಅದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ರೂಪುಗೊಂಡು, ಕೈಪಿಡಿಗಳ ಮೂಲಕ, ವಿಡಿಯೊಗಳ ಮೂಲಕ ಲೋಕವನ್ನೆಲ್ಲ ಸುತ್ತುತ್ತಿರುವ ಪದ್ಧತಿ.

ಆ ಪದ್ಧತಿಯ ಜೊತೆಗೆ ಒಂದು ಹೊಗಳಿಕೆಯೂ ಪ್ರಯಾಣ ಮಾಡುತ್ತಿದೆ. ರಾಸಾಯನಿಕ ಗೊಬ್ಬರವಿಲ್ಲ, ಕೀಟನಾಶಕವಿಲ್ಲ, ಎರೆಗೊಬ್ಬರ ಬೆರೆಸಿದ ಜೀವಂತ ಮಣ್ಣು, ಕೈಯಿಂದಲೇ ಬಾಗಿಸಿ ಪಳಗಿಸಿದ ಗಿಡ. ಆದ್ದರಿಂದ ಇದು ಸಾವಯವ, ಇದು ಪ್ರಕೃತಿಗೆ ಹತ್ತಿರ ಎಂಬುದೇ ಆ ಹೊಗಳಿಕೆ. ಆರೋಪದ ವಿಚಾರವನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಆದರೆ ‘ಸಾವಯವ’ ಎಂಬ ಮಾತನ್ನು ನಂಬಿ ಬೇಸಾಯದ ದಾರಿಯನ್ನೇ ಬದಲಿಸಿಕೊಂಡ ರೈತರಿರುವ ಗುಡ್ಡಗಾಡಿನಲ್ಲಿ, ಆ ಮಾತು ಹೀಗೆ ಬಳಕೆಯಾಗುವುದನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ಬೆಟ್ಟದ ಗಿಡ ಕೋಣೆ ಸೇರಿದ ಬಗೆ

ಗಾಂಜಾ ಮೂಲತಃ ಏಷ್ಯಾದ ಬಯಲು ಬೆಟ್ಟಗಳ ಸಸ್ಯ. ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಅದು ದಾರಿಬದಿಯಲ್ಲಿ, ಕೊಟ್ಟಿಗೆಯ ಹಿಂದೆ ಕಳೆಯಂತೆ ಹುಟ್ಟಿ ಬೆಳೆಯುತ್ತದೆ. ಆರೈಕೆ ಬೇಡದ, ಆಳೆತ್ತರ ಮೀರಿ ಬೆಳೆಯುವ ಇಂತಹ ಗಿಡಕ್ಕೆ ಸೂರು, ದೀಪ, ಹವಾನಿಯಂತ್ರಣಗಳ ಅಗತ್ಯ ಬಿದ್ದದ್ದು ಸಸ್ಯದ ಸ್ವಭಾವದಿಂದಲ್ಲ, ಮನುಷ್ಯರ ಕಾನೂನಿನಿಂದ.

ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಗುಡ್ಡಗಾಡು ಜಿಲ್ಲೆಗಳಿವೆ. ರೆಡ್‌ವುಡ್ ಮರಗಳ ಕಾಡಿರುವ ಈ ಸೀಮೆಗೆ 1960 ಮತ್ತು 70ರ ದಶಕಗಳಲ್ಲಿ ನಗರ ತೊರೆದ ಯುವಕರು ಬಂದು ನೆಲೆಸಿದರು. ಅವರಲ್ಲಿ ಅನೇಕರಿಗೆ ಗಾಂಜಾ ಬೆಳೆಯೇ ಆದಾಯವಾಯಿತು. ಆಗ ಅದು ಬಿಸಿಲಿನಲ್ಲಿ, ಇಳಿಜಾರಿನ ಮಣ್ಣಿನಲ್ಲಿ ಬೆಳೆಯುತ್ತಿತ್ತು. 1983ರಲ್ಲಿ ಸರ್ಕಾರ ಹೆಲಿಕಾಪ್ಟರುಗಳನ್ನು ಬಳಸಿ ಗಿಡ ಕೀಳುವ ದೊಡ್ಡ ಕಾರ್ಯಾಚರಣೆಯನ್ನು ಆರಂಭಿಸಿತು. ಆಕಾಶದಿಂದ ಕಾಣುವ ಗಿಡವನ್ನು ಕಾಣದಂತೆ ಮಾಡಲು ಬೆಳೆಗಾರರು ಕಂಡುಕೊಂಡ ಉಪಾಯವೆಂದರೆ ಅದನ್ನು ಮನೆಯೊಳಗೆ ಒಯ್ಯುವುದು. ಬೀದಿದೀಪಗಳಲ್ಲಿ ಬಳಕೆಯಾಗುವ ಸೋಡಿಯಂ ದೀಪದ ದೊಡ್ಡ ರೂಪವೇ ಅವರ ಸೂರ್ಯನಾಯಿತು. ವಿದ್ಯುತ್ ತಂತಿ ಮುಟ್ಟದ ಕಾಡಿನ ಮನೆಗಳಲ್ಲಿ ಡೀಸೆಲ್ ಜನರೇಟರುಗಳು ಹಗಲಿರುಳು ಓಡತೊಡಗಿದವು. 2008ರಲ್ಲಿ ದಕ್ಷಿಣ ಹಂಬೋಲ್ಟಿನ ಹ್ಯಾಕರ್ ಹಳ್ಳಕ್ಕೆ ಇಂತಹ ಒಂದು ತಾಣದ ಡೀಸೆಲ್ ಸೋರಿ ನೀರು ಕೆಟ್ಟಾಗ, ಬೆಟ್ಟದ ಜನರೇ ‘ಡೀಸೆಲ್ ಗಾಂಜಾ’ ಬೇಡವೆಂದು ದನಿಯೆತ್ತಿದರು.

ಅನಂತರ ಕಾನೂನು ಸಡಿಲವಾಯಿತು. ಕ್ಯಾಲಿಫೋರ್ನಿಯಾ 1996ರಲ್ಲಿ ಔಷಧೀಯ ಬಳಕೆಗೂ 2016ರಲ್ಲಿ ವಯಸ್ಕರ ಬಳಕೆಗೂ ಮತದಾನದ ಮೂಲಕ ಅನುಮತಿ ನೀಡಿತು. ಕೊಲರಾಡೊದಲ್ಲಿ 2014ರ ಜನವರಿ 1ರಿಂದ ಅಂಗಡಿಗಳಲ್ಲಿ ಮಾರಾಟ ಶುರುವಾಯಿತು. ಕೆನಡಾ 2018ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ತಂದಿತು. ಅಡಗಬೇಕಾದ ಕಾರಣ ಹೋದ ಮೇಲೆ ಗಿಡ ಬಿಸಿಲಿಗೆ ಮರಳಬೇಕಾಗಿತ್ತಲ್ಲವೇ? ಬಹುಪಾಲು ಮರಳಲಿಲ್ಲ. ಕೋಣೆಯೊಳಗೆ ವರ್ಷಕ್ಕೆ ನಾಲ್ಕೈದು ಕೊಯ್ಲು ಸಾಧ್ಯ. ಹೂವು ಒಂದೇ ಅಳತೆ, ಒಂದೇ ಬಣ್ಣದಲ್ಲಿ ಬರುತ್ತದೆ. ಮಾರುಕಟ್ಟೆ ಅದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಬಯಲಿನ ಬೇಸಾಯಕ್ಕೆ ಅನುಮತಿಯನ್ನೇ ಕೊಡದ ಸ್ಥಳೀಯ ಆಡಳಿತಗಳೂ ಅನೇಕ. ಭಯದಿಂದ ಹುಟ್ಟಿದ ಪದ್ಧತಿ ಲಾಭದಿಂದ ಉಳಿದುಕೊಂಡಿತು.

ಗಿಡವನ್ನು ಬಾಗಿಸುವ ವಿದ್ಯೆ

ಈ ಬೇಸಾಯದಲ್ಲಿರುವ ಸಸ್ಯವಿಜ್ಞಾನವನ್ನು ಅಲ್ಲಗಳೆಯಬೇಕಾಗಿಲ್ಲ. ಅದು ಮಲೆನಾಡಿನ ರೈತನಿಗೆ ಅಪರಿಚಿತವೂ ಅಲ್ಲ. ಗಿಡದ ತುದಿಚಿಗುರಿನಲ್ಲಿ ಆಕ್ಸಿನ್ ಎಂಬ ಚೋದಕ ಉತ್ಪತ್ತಿಯಾಗಿ ಕೆಳಕ್ಕೆ ಇಳಿಯುತ್ತದೆ. ಪಕ್ಕದ ಮೊಗ್ಗುಗಳನ್ನು ಅದು ತಡೆದು ನಿಲ್ಲಿಸುತ್ತದೆ. ತುದಿಯನ್ನು ಚಿವುಟಿದರೆ ಅಥವಾ ಕಾಂಡವನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಆ ಹಿಡಿತ ಸಡಿಲಗೊಂಡು ಪಕ್ಕದ ಕುಡಿಗಳು ಒಟ್ಟಿಗೆ ಮೇಲೇಳುತ್ತವೆ. ಮರವಾಗಬಲ್ಲ ಚಹಾ ಗಿಡವನ್ನು ಸೊಂಟದೆತ್ತರದ ಪೊದೆಯಾಗಿ ಉಳಿಸುವುದು, ಕಾಫಿ ಗಿಡದ ತಲೆ ಕತ್ತರಿಸಿ ರೆಕ್ಕೆಗಳನ್ನು ಹರಡಿಸುವುದು, ಮಲ್ಲಿಗೆಯನ್ನು ಸವರಿ ಹೂವಿಗೆ ತರುವುದು ಇದೇ ತತ್ತ್ವದ ಮೇಲೆ.

ಹಾಗೆಯೇ ಬೀಜವಿಲ್ಲದ ಹೂವಿಗಾಗಿ ಗಂಡು ಗಿಡಗಳನ್ನು ಕಿತ್ತುಹಾಕುವ ಕ್ರಮವೂ ಅಮೆರಿಕದ ಶೋಧವಲ್ಲ. ಬ್ರಿಟಿಷ್ ಸರ್ಕಾರ 1893–94ರಲ್ಲಿ ನಡೆಸಿದ ಗಾಂಜಾ ವಿಚಾರಣಾ ಆಯೋಗದ ವರದಿಯಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ನವಗಾಂವ್ ಸೀಮೆಯ ಬೇಸಾಯದ ವಿವರಗಳಿವೆ. ಅಲ್ಲಿ ಹೊಲದಲ್ಲಿ ನಡೆದಾಡುತ್ತ, ಹೂವರಳುವ ಮುನ್ನವೇ ಗಂಡು ಗಿಡವನ್ನು ಗುರುತಿಸಿ ಕೀಳಿಸುವ ‘ಪೋದ್ದಾರ’ ಎಂಬ ಕುಶಲಕರ್ಮಿಗಳಿದ್ದರು. ಅವರು ಬಿಸಿಲಿನಲ್ಲೇ ಕೆಲಸ ಮಾಡುತ್ತಿದ್ದರು.

ಆದರೆ ಕೋಣೆಯೊಳಗೆ ಈ ಬಾಗಿಸುವಿಕೆಗೆ ಇಷ್ಟೊಂದು ಮಹತ್ವ ಬಂದುದೇಕೆ ಎಂಬುದನ್ನು ಗಮನಿಸಬೇಕು. ಸೂರ್ಯ ಬಹುದೂರದಲ್ಲಿರುವುದರಿಂದ ಗಿಡದ ತುದಿಗೂ ಬುಡಕ್ಕೂ ಸಿಗುವ ಬಿಸಿಲಿನ ತೀವ್ರತೆಯಲ್ಲಿ, ನೆರಳು ಬೀಳದಿದ್ದರೆ, ವ್ಯತ್ಯಾಸವಿಲ್ಲ. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸರಿಯುವುದರಿಂದ ಎಲ್ಲ ಬದಿಯ ಎಲೆಗೂ ಪಾಲು ದೊರೆಯುತ್ತದೆ. ದೀಪ ಹಾಗಲ್ಲ. ಅದು ಕದಲುವುದಿಲ್ಲ. ಅದರಿಂದ ದೂರ ಎರಡರಷ್ಟಾದರೆ ಬೆಳಕು ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಗಿಡವನ್ನು ಬಲೆಯ ಕೆಳಗೆ ಹೆಣೆದು, ಚಾಪೆಯಂತೆ ಚಪ್ಪಟೆಯಾಗಿ ಹರಡಿಸಬೇಕಾಗುತ್ತದೆ. ಬಯಲಿನಲ್ಲಿ ಇಚ್ಛೆಯಿದ್ದರೆ ಮಾಡುವ ಕೆಲಸ ಕೋಣೆಯಲ್ಲಿ ದೀಪದ ಮಿತಿಗಾಗಿ ಮಾಡಲೇಬೇಕಾದ ಕೆಲಸವಾಗುತ್ತದೆ. ಕೌಶಲ ನಿಜವಾದದ್ದೇ, ಆದರೆ ಅದು ಪ್ರಕೃತಿಗೆ ಹತ್ತಿರವಾಗುವ ಕೌಶಲವಲ್ಲ, ಪ್ರಕೃತಿಯಿಲ್ಲದ ಜಾಗದಲ್ಲಿ ನಿಭಾಯಿಸುವ ಕೌಶಲ.

ಮಣ್ಣು ಜೀವಂತ, ಕೋಣೆ?

ಜೀವಂತ ಮಣ್ಣಿನ ವಿಚಾರವೂ ಹೀಗೆಯೇ. ನೀರಿನಲ್ಲಿ ಲವಣ ಕರಗಿಸಿ ಬೇರಿಗೆ ಉಣಿಸುವ ಪದ್ಧತಿಗಿಂತ, ಕಾಂಪೋಸ್ಟು, ಎರೆಗೊಬ್ಬರ, ಹಿಂಡಿ, ಸಮುದ್ರಕಳೆಗಳನ್ನು ಬೆರೆಸಿ ಸೂಕ್ಷ್ಮಜೀವಿಗಳ ಮೂಲಕ ಗಿಡಕ್ಕೆ ಆಹಾರ ಒದಗಿಸುವುದು ಉತ್ತಮ. ಬಳಸಿದ ಮಣ್ಣನ್ನು ಎಸೆಯದೆ ಮತ್ತೆ ಮತ್ತೆ ಬಳಸುವುದಂತೂ ಮೆಚ್ಚತಕ್ಕದ್ದು. ಶಿಲೀಂಧ್ರದ ಎಳೆಗಳು ಬೇರಿನೊಡನೆ ಹೆಣೆದುಕೊಂಡು ರಂಜಕವನ್ನು ತಂದುಕೊಡುವುದು, ಎರೆಹುಳು ಮಣ್ಣನ್ನು ಸಡಿಲಿಸುವುದು ಕುಂಡದಲ್ಲಿಯೂ ನಡೆಯುತ್ತವೆ.

ಆದರೆ ಆ ಕುಂಡಕ್ಕೆ ಬೀಳುವ ವಸ್ತುಗಳ ಊರುಗಳನ್ನು ಕೇಳಿದರೆ ಚಿತ್ರ ಬದಲಾಗುತ್ತದೆ. ಈ ಮಿಶ್ರಣಗಳಲ್ಲಿ ಮೂರನೇ ಒಂದು ಭಾಗದಷ್ಟು ಸಾಮಾನ್ಯವಾಗಿ ಪೀಟ್ ಇರುತ್ತದೆ. ಅದು ಕೆನಡಾದಂತಹ ಶೀತ ದೇಶಗಳ ಜೌಗು ನೆಲದಲ್ಲಿ ಪಾಚಿ ಕೊಳೆಯದೆ ಉಳಿದು, ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಸಾವಿರಾರು ವರ್ಷ ಶೇಖರಗೊಂಡ ಇಂಗಾಲದ ಭಂಡಾರ. ಮಣ್ಣು ಸಡಿಲವಾಗಿರಲೆಂದು ಬೆರೆಸುವ ಪರ್ಲೈಟ್, ಜ್ವಾಲಾಮುಖಿಯ ಗಾಜನ್ನು ಕುಲುಮೆಯಲ್ಲಿ ಅರಳಿಸಿದ ವಸ್ತು. ಇನ್ನು ಬೇವಿನ ಹಿಂಡಿ, ಹೊಂಗೆಯ ಹಿಂಡಿ, ತೆಂಗಿನ ನಾರಿನ ಪುಡಿ ಭಾರತದಿಂದ ಹಡಗೇರಿ ಹೋಗುತ್ತವೆ. ಇಲ್ಲಿಯ ಸಣ್ಣ ಹಿಡುವಳಿದಾರ ಬೇವಿನ ಹಿಂಡಿಯ ಬೆಲೆ ಕೇಳಿ ಹಿಂದೆ ಸರಿಯುತ್ತಿರುವಾಗ, ಅದೇ ಹಿಂಡಿ ಸಾಗರ ದಾಟಿ ದೀಪದ ಕೆಳಗಿನ ಕುಂಡದಲ್ಲಿ ‘ಸಾವಯವ’ದ ಗುರುತಾಗುತ್ತಿದೆ.

ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದ ದರಗು ಬರುತ್ತದೆ, ಕೊಟ್ಟಿಗೆಯ ಗೊಬ್ಬರ ಬರುತ್ತದೆ, ಸೋಗೆ ಬಿದ್ದಲ್ಲೇ ಕೊಳೆಯುತ್ತದೆ. ಬೆಟ್ಟ ಬೋಳಾದರೆ ತೋಟ ಸೊರಗುತ್ತದೆಂಬುದು ಅಲ್ಲಿಯ ಮನೆಯವರಿಗೆ ಕಣ್ಣಿಗೆ ಕಾಣುತ್ತದೆ. ಸಾವಯವ ಎಂಬ ಮಾತಿನ ತಿರುಳು ಈ ಸಂಬಂಧದಲ್ಲಿದೆಯೇ ಹೊರತು, ಚೀಲದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿಲ್ಲ.

ಬಿಸಿಲಿಗೆ ಬದಲಾಗಿ ಬಂದ ಬಿಲ್ಲು

ಎಲ್ಲಕ್ಕಿಂತ ದೊಡ್ಡ ಲೆಕ್ಕ ಬೆಳಕಿನದು. ಗಾಂಜಾ ರಾತ್ರಿಯ ಉದ್ದವನ್ನು ಅಳೆದು ಹೂಬಿಡುವ ಸಸ್ಯ. ಆದ್ದರಿಂದ ಕೋಣೆಯಲ್ಲಿ ಮೊದಲು ದಿನಕ್ಕೆ 18 ಗಂಟೆ ದೀಪ ಉರಿಸಿ ಬೆಳೆಸುತ್ತಾರೆ, ಬಳಿಕ 12 ಗಂಟೆಗೆ ಇಳಿಸಿ ಹೂವಿಗೆ ತರುತ್ತಾರೆ. 1,000 ವ್ಯಾಟ್‌ನ ಒಂದೇ ಒಂದು ಸೋಡಿಯಂ ದೀಪವನ್ನು ಮೊದಲ 30 ದಿನ 18 ಗಂಟೆಯಂತೆ ಉರಿಸಿದರೆ 540 ಯೂನಿಟ್. ಮುಂದಿನ 60 ದಿನ 12 ಗಂಟೆಯಂತೆ ಉರಿಸಿದರೆ 720 ಯೂನಿಟ್. ಒಂದು ಬೆಳೆಗೆ ಒಂದು ದೀಪದ ಖರ್ಚು 1,260 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಗರಿಷ್ಠ ಮಿತಿ 200 ಯೂನಿಟ್. ಆ ಮಿತಿಯನ್ನು ಪೂರ್ತಿ ಬಳಸುವ ಮನೆಗೂ ಇದು ಆರು ತಿಂಗಳಿಗೆ ಮೀರಿದ ಕರೆಂಟು. ದೀಪದ ಶಾಖ ಹೊರಹಾಕುವ ಯಂತ್ರ, ಎಲೆ ಬಿಟ್ಟ ತೇವ ಹೀರುವ ಯಂತ್ರ, ಫ್ಯಾನು ಇವೆಲ್ಲ ಲೆಕ್ಕಕ್ಕೆ ಇನ್ನೂ ಸೇರಿಲ್ಲ. ಎಲ್‌ಇಡಿ ದೀಪಗಳಿಂದ ಬೆಳಕಿನ ಖರ್ಚು ಮೂರನೇ ಒಂದು ಭಾಗದಷ್ಟು ತಗ್ಗಬಹುದು. ಉಳಿದ ಯಂತ್ರಗಳು ನಿಲ್ಲುವುದಿಲ್ಲ.

ಅಮೆರಿಕದ ಶಕ್ತಿ ವಿಜ್ಞಾನಿ ಇವಾನ್ ಮಿಲ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಆಗಲೇ ಆ ದೇಶದ ಒಟ್ಟು ವಿದ್ಯುತ್ತಿನ ಸುಮಾರು ಶೇ. 1ರಷ್ಟು ಕೋಣೆಯೊಳಗಿನ ಗಾಂಜಾಕ್ಕೆ ಹೋಗುತ್ತಿದೆಯೆಂದೂ, 1 ಕಿಲೋ ಒಣಹೂವಿಗೆ ಸುಮಾರು 4,600 ಕಿಲೋ ಇಂಗಾಲಾಮ್ಲ ವಾತಾವರಣ ಸೇರುತ್ತದೆಯೆಂದೂ ಅಂದಾಜಿಸಿತು. ಅಂದರೆ 1 ಕಿಲೋ ಹೂವಿಗೆ 1,700 ಲೀಟರಿನಷ್ಟು ಡೀಸೆಲ್ ಸುಟ್ಟಂತೆ. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಬೇರೆ ವಿಧಾನದಿಂದ ಲೆಕ್ಕ ಹಾಕಿ, ಊರಿನ ಹವೆಗೆ ತಕ್ಕಂತೆ ಕಿಲೋ ಒಂದಕ್ಕೆ 2,283ರಿಂದ 5,184 ಕಿಲೋ ಎಂದು ಕಂಡರು. ದೀಪಕ್ಕಿಂತಲೂ ಕೋಣೆಯ ಗಾಳಿಯನ್ನು ಕಾಯಿಸುವ, ತಂಪಾಗಿಸುವ, ಒಣಗಿಸುವ ಕೆಲಸಕ್ಕೇ ಹೆಚ್ಚು ಶಕ್ತಿ ಬೇಕಾಗುತ್ತದೆಂಬುದು ಅವರ ನಿರ್ಣಯ. ಕೊಲರಾಡೊದ ಬೌಲ್ಡರ್ ಜಿಲ್ಲೆ ಬೆಳೆಗಾರರ ವಿದ್ಯುತ್ ಬಳಕೆಯ ಮೇಲೆ ಪ್ರತ್ಯೇಕ ಶುಲ್ಕವನ್ನೇ ವಿಧಿಸಿತು.

ಈ ಅಂಕಿಗಳು ದೂರದೇಶದವು. ಆದರೆ ವಿದ್ಯುತ್ತಿನ ಬೆಲೆ ಏನೆಂಬುದನ್ನು ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಗದ್ದೆ, ತೋಟ, ಊರುಗಳು ನೀರಿನಡಿಗೆ ಹೋದವು. ಮುಳುಗಡೆಯ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಕಾಳಿ ಕಣಿವೆ ಸೂಪಾ ಜಲಾಶಯಕ್ಕೆ ತನ್ನ ಊರುಗಳನ್ನು ಕೊಟ್ಟಿತು. ಅದೇ ಶರಾವತಿಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ 2,000 ಮೆಗಾವ್ಯಾಟ್‌ನ ಭೂಗತ ಯೋಜನೆಯ ಪ್ರಸ್ತಾಪ ಬಂದಾಗ, ಇನ್ನೆಷ್ಟು ಎಂದು ಜನ ಕೇಳಿದ್ದು ಇದೇ ನೆನಪಿನಿಂದ. ತಂತಿಯಲ್ಲಿ ಹರಿದು ಬರುವ ಪ್ರತಿ ಯೂನಿಟ್ಟಿಗೂ ಒಂದು ಕಣಿವೆಯ ಚರಿತ್ರೆಯಿದೆ. ಬಾಗಿಲ ಹೊರಗೆ ಬಿಟ್ಟಿಯಾಗಿ ಸುರಿಯುವ ಬಿಸಿಲಿಗೆ ಪರದೆ ಎಳೆದು, ಆ ಯೂನಿಟ್ಟುಗಳಿಂದ ಕೃತಕ ಬಿಸಿಲನ್ನು ಮಾಡಿಕೊಳ್ಳುವ ಬೇಸಾಯಕ್ಕೆ, ಮಣ್ಣು ಎಷ್ಟೇ ಶುದ್ಧವಾಗಿರಲಿ, ಸಾವಯವ ಎಂಬ ಹೆಸರು ಸಲ್ಲುವುದಿಲ್ಲ.

ಬಿಸಿಲಿನಲ್ಲಿದ್ದರೆ ಸಾಕೇ?

ಹಾಗೆಂದು ಬಯಲಲ್ಲಿ ಬೆಳೆದದ್ದೆಲ್ಲ ನಿರ್ದೋಷಿಯೆಂದು ತೀರ್ಮಾನಿಸುವುದೂ ತಪ್ಪು. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಡುಗಳಲ್ಲಿ ಕದ್ದು ಬೆಳೆಯುವವರು ಬೇಸಿಗೆಯಲ್ಲಿ ಹಳ್ಳದ ನೀರನ್ನೇ ಪೈಪಿನಲ್ಲಿ ತಿರುಗಿಸಿಕೊಂಡು ಮೀನಿನ ಮರಿಗಳಿಗೆ ನೀರಿಲ್ಲದಂತೆ ಮಾಡಿದರು. ಇಲಿಗಳಿಗೆಂದು ಅವರು ಹರಡಿದ ಪಾಷಾಣ, ಫಿಶರ್ ಎಂಬ ಮುಂಗುಸಿಯನ್ನು ಹೋಲುವ ಕಾಡುಪ್ರಾಣಿಯ ದೇಹ ಸೇರಿತು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ 58 ಫಿಶರುಗಳಲ್ಲಿ 46ರ ಯಕೃತ್ತಿನಲ್ಲಿ ಇಲಿಪಾಷಾಣದ ಅಂಶ ಸಿಕ್ಕಿತು. ಕೋಣೆಯ ಬೇಸಾಯವನ್ನು ಸಮರ್ಥಿಸುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಬೆಳಕು, ನೀರು, ಕಾಡು ಮೂರರ ಲೆಕ್ಕವೂ ಒಟ್ಟಿಗೆ ಕೂಡಬೇಕು.

ಅಲ್ಲಿಯ ಬೆಳೆಗಾರರಲ್ಲೇ ಈ ಚರ್ಚೆ ನಡೆದಿದೆಯೆಂಬುದು ಸಮಾಧಾನದ ಸಂಗತಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಾಂಜಾಕ್ಕೆ ಮಾನ್ಯತೆಯಿಲ್ಲದಿರುವುದರಿಂದ ಕೇಂದ್ರ ಕೃಷಿ ಇಲಾಖೆಯ ಸಾವಯವ ಮುದ್ರೆ ಅದಕ್ಕೆ ದೊರೆಯುವುದಿಲ್ಲ. ಆ ಕೊರತೆ ತುಂಬಲು ಕ್ಯಾಲಿಫೋರ್ನಿಯಾ 2021ರಲ್ಲಿ ‘ಓಕ್ಯಾಲ್’ ಎಂಬ ತನ್ನದೇ ಪ್ರಮಾಣಪತ್ರ ತಂದಿತು. ಅದಕ್ಕೂ ಮೊದಲು, 2019ರಲ್ಲಿ ಆರಂಭವಾದ ‘ಸನ್ ಪ್ಲಸ್ ಅರ್ಥ್’ ಎಂಬ ಪ್ರಮಾಣಪತ್ರ, ಹೆಸರೇ ಹೇಳುವಂತೆ, ಬಿಸಿಲಿನಲ್ಲಿ ನೆಲದ ಮೇಲೆ ಬೆಳೆದದ್ದನ್ನು ಮಾತ್ರ ಒಪ್ಪುತ್ತದೆ. ಕೂಲಿಯವರಿಗೆ ನ್ಯಾಯ ಸಿಗುವುದನ್ನೂ ಅದು ಷರತ್ತಾಗಿಸಿದೆ. ಬೆಟ್ಟದ ಸಣ್ಣ ಬೆಳೆಗಾರರು ಕೋಣೆಯ ದೊಡ್ಡ ಬಂಡವಾಳದ ಎದುರು ಇಂತಹ ಗುರುತುಗಳನ್ನು ಹಿಡಿದು ನಿಲ್ಲಲು ಹೆಣಗುತ್ತಿದ್ದಾರೆ.

ಇಲ್ಲಿಯ ಮಾತು

ಕರ್ನಾಟಕದಲ್ಲಿ ಈ ಬೆಳೆಯ ಪ್ರಶ್ನೆಗೆ ಮೊದಲ ಉತ್ತರ ಕಾನೂನಿನದು. 1985ರ ಎನ್‌ಡಿಪಿಎಸ್ ಕಾಯ್ದೆಯಂತೆ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದೇ ಅಪರಾಧ. ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಬೆಳೆದದ್ದು ಹೊಲದಲ್ಲೋ ಹೂಕುಂಡದಲ್ಲೋ, ಗೊಬ್ಬರ ಸಾವಯವವೋ ರಾಸಾಯನಿಕವೋ ಎಂಬುದನ್ನು ಕಾಯ್ದೆ ಕೇಳುವುದಿಲ್ಲ. ಉತ್ತರಾಖಂಡದಲ್ಲಿ 2018ರಿಂದ ಪರವಾನಗಿ ನೀಡಲಾಗಿರುವುದು ನಾರು, ಬೀಜಗಳಿಗಾಗಿ, ಅಮಲಿನ ಅಂಶ ಶೇ. 0.3ನ್ನು ಮೀರದ ತಳಿಗಳಿಗೆ ಮಾತ್ರ. ಹಳ್ಳಿಯಿಂದ ಓದಲು ಪಟ್ಟಣ ಸೇರಿದ ಹುಡುಗ ಹುಡುಗಿಯರು ಇದನ್ನು ತಿಳಿದಿರಬೇಕು. ಸಸ್ಯದ ಮೇಲಿನ ಕುತೂಹಲ ಎಂಬ ವಾದ ಸೆರೆಮನೆಯ ಬಾಗಿಲಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಗನ ಓದಿಗೆಂದು ಅಡಿಕೆ ಕೊಯ್ಲನ್ನು ಮುಂಚಿತವಾಗಿ ಗುತ್ತಿಗೆ ಕೊಟ್ಟ ಮನೆಯ ಪಾಡನ್ನು ಯಾವ ಕೈಪಿಡಿಯೂ ಬರೆದಿಲ್ಲ.

ಎರಡನೆಯ ಉತ್ತರ ಗಾಂಜಾದಾಚೆಗೂ ಸಲ್ಲುವಂಥದು. ಕೋಣೆಯೊಳಗಿನ ಬೇಸಾಯ ಈಗ ಬೇರೆ ವೇಷಗಳಲ್ಲಿ ಬರುತ್ತಿದೆ. ಕಾಶ್ಮೀರದ ಚಳಿಯನ್ನು ಯಂತ್ರದಿಂದ ಸೃಷ್ಟಿಸಿ ಕೋಣೆಯಲ್ಲಿ ಕೇಸರಿ ಅರಳಿಸುವ ಪ್ರಯೋಗಗಳು ಕರ್ನಾಟಕದಲ್ಲೂ ನಡೆದಿವೆ. ಸೊಪ್ಪು ತರಕಾರಿಗಳನ್ನು ಅಟ್ಟಣೆ ಮೇಲೆ ಅಟ್ಟಣೆ ಇಟ್ಟು ದೀಪದಲ್ಲಿ ಬೆಳೆಯುವ ಉದ್ಯಮಗಳಿವೆ. ಇವುಗಳಲ್ಲಿ ಕೆಲವು ಉಪಯುಕ್ತವೂ ಇರಬಹುದು. ಆದರೆ ತರಬೇತಿಯ ಶುಲ್ಕ ಕಟ್ಟುವ ಮುನ್ನ, ಸಾಲದ ಕಾಗದಕ್ಕೆ ರುಜು ಹಾಕುವ ಮುನ್ನ ಮಲೆನಾಡಿನ ಯುವಕ ಕೇಳಬೇಕಾದ ಪ್ರಶ್ನೆಗಳು ಸರಳ. ಬೆಳಕು ಎಲ್ಲಿಂದ ಬರುತ್ತದೆ? ಬೆಳೆ ಒಂದಕ್ಕೆ ಎಷ್ಟು ಯೂನಿಟ್? ಮಣ್ಣಿಗೆ ಹಾಕುವುದು ಯಾವ ಊರಿನದು? ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದರೆ ಬೆಳೆ ಉಳಿಯುತ್ತದೆಯೇ?

ಆ ವಿದ್ಯೆಯಲ್ಲಿರುವ ಒಳಿತನ್ನು ಉಳಿಸಿಕೊಳ್ಳಲು ಅಡ್ಡಿಯೇನೂ ಇಲ್ಲ. ಕುಂಡದ ಮಣ್ಣನ್ನು ಜೀವಂತವಾಗಿಡುವ ಕ್ರಮ, ಕುಡಿ ಚಿವುಟಿ ಗಿಡವನ್ನು ರೂಪಿಸುವ ಕ್ರಮ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಪೊದೆಮೆಣಸು ಒಳ್ಳೆಯ ಗುರು. ಬಳ್ಳಿಯ ಪಕ್ಕದ ರೆಂಬೆಯನ್ನು ಬೇರು ಬರಿಸಿ ಕುಂಡದಲ್ಲಿ ನೆಟ್ಟರೆ ಅದು ಮರವೇರದೆ ಪೊದೆಯಾಗಿಯೇ ನಿಂತು ಕಾಳು ಬಿಡುತ್ತದೆ. ಮೇಲಿನ ಬಳ್ಳಿ ಮಾತ್ರ ಏರುತ್ತದೆ, ಪಕ್ಕದ ರೆಂಬೆ ಏರುವುದಿಲ್ಲವೇಕೆ ಎಂಬ ಒಂದು ಪ್ರಶ್ನೆಯಲ್ಲಿ ಸಸ್ಯಶಾಸ್ತ್ರದ ಒಂದು ಅಧ್ಯಾಯವೇ ಇದೆ. ಅದಕ್ಕೆ ಬೇಕಾದದ್ದು ಒಂದು ಕುಂಡ, ಕೊಟ್ಟಿಗೆಯ ಗೊಬ್ಬರ, ಒಂದಿಷ್ಟು ದರಗು. ಬೆಳಕಿಗೆ ಜಗಲಿಯ ಅಂಚು ಸಾಕು. ಅಡಿಕೆ ಸೋಗೆಗಳ ನಡುವೆ ಸೋಸಿ ಬಂದ ಬಿಸಿಲು ಅಲ್ಲಿಯವರೆಗೂ ಬರುತ್ತದೆ.